ಎಲೆಕೋಸು, ಟರ್ನಿಪ್ ಮತ್ತು ಮೂರು ತಿರುವುಗಳು: ಜೀನೋಮ್ ಹೋಲಿಕೆಯ ಕಮ್ಮಟದ ಹಿಂದಿನ ಕಥೆ

ಗಣಕ ಜೀವವಿಜ್ಞಾನದ ಪ್ರಮುಖ ಸಮ್ಮೇಳನವಾದ ರೀಕಾಂಬ್‌ನ ಆಶ್ರಯದಲ್ಲಿ, ಜೀನೋಮ್‌ಗಳ, ಅಂದರೆ ಜೀವಿಗಳ ಇಡೀ ಡಿಎನ್ಎಯ, ಹೋಲಿಕೆಗೆಂದೇ ಮೀಸಲಾದ ಕಮ್ಮಟವೊಂದು 2003ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಆರಂಭವಾಯಿತು. ಮರುವರ್ಷ ಇಟಲಿಯ ಬರ್ಟಿನೊರೊದಲ್ಲಿ, 2005ರಲ್ಲಿ ಡಬ್ಲಿನ್‌ನಲ್ಲಿ ಅದು ಮತ್ತೆ ಸೇರಿತು. ಮಾನವ ಜೀನೋಮ್‌ನ ಕರಡು 2001ರಲ್ಲಿ, ಇಲಿಯ ಕರಡು 2002ರ ಕೊನೆಯಲ್ಲಿ ಪ್ರಕಟವಾಗಿದ್ದವು. ಎರಡು ಸಸ್ತನಿಗಳನ್ನು ಆದಿಯಿಂದ ಅಂತ್ಯದವರೆಗೆ ಅಕ್ಕಪಕ್ಕ ಇಟ್ಟು ನೋಡುವ ಅವಕಾಶ ಆಗಷ್ಟೇ ಒದಗಿತ್ತು. ಆದರೆ ಒಂದು ಜೀವಿಯ ವಂಶವಾಹಿಗಳ ಸಾಲು ಇನ್ನೊಂದರ ಸಾಲಾಗಿ ಮಾರ್ಪಡಲು ಎಷ್ಟು ಹೆಜ್ಜೆ ಬೇಕಾಯಿತು ಎಂಬ ಪ್ರಶ್ನೆ ಡಿಎನ್ಎಯ ರಚನೆ ತಿಳಿಯುವುದಕ್ಕೂ ಬಹಳ ಮೊದಲೇ ಹುಟ್ಟಿತ್ತು.

ಡ್ರಾಸೊಫಿಲ ಎಂಬ ಹಣ್ಣುನೊಣದ ಎರಡು ಪ್ರಭೇದಗಳಲ್ಲಿ, ಮೂರನೆಯ ವರ್ಣತಂತುವಿನ ಕೆಲವು ವಂಶವಾಹಿಗಳು ಒಂದರಲ್ಲಿರುವ ಕ್ರಮಕ್ಕೆ ತಿರುಗುಮುರುಗಾಗಿ ಇನ್ನೊಂದರಲ್ಲಿ ಇವೆ ಎಂದು ಆಲ್ಫ್ರೆಡ್ ಸ್ಟರ್ಟೆವಂಟ್ 1921ರಲ್ಲಿ ತೋರಿಸಿದರು. 1938ರಲ್ಲಿ ಅವರೂ ಥಿಯೊಡೋಸಿಯಸ್ ಡಾಬ್ಜಾನ್ಸ್ಕಿಯವರೂ ಸೇರಿ, ನೊಣದ ಮರಿಹುಳುವಿನ ಜೊಲ್ಲುಗ್ರಂಥಿಯಲ್ಲಿರುವ ದೈತ್ಯ ವರ್ಣತಂತುಗಳ ಪಟ್ಟೆಗಳನ್ನು ಸೂಕ್ಷ್ಮದರ್ಶಕದಲ್ಲಿ ಓದಿ, ಯಾವ ತುಂಡು ಯಾವಾಗ ತಲೆಕೆಳಗಾಗಿರಬೇಕೆಂದು ಊಹಿಸಿ, ಅದರಿಂದಲೇ ನೊಣಗಳ ವಂಶವೃಕ್ಷವನ್ನು ಬರೆದರು. ಡಿಎನ್ಎಯ ಘಟಕಗಳನ್ನು ಸೂಚಿಸುವ ಅಕ್ಷರಗಳಲ್ಲಿ ಒಂದನ್ನೂ ಓದದೆ, ಬರಿಯ ಕ್ರಮವನ್ನು ನೋಡಿಯೇ ಇತಿಹಾಸವನ್ನು ಹೇಳಬಹುದೆಂಬ ಈ ಕಾಣ್ಕೆ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ.

ಆಮೇಲೆ ಬಂದದ್ದು ಅಕ್ಷರಗಳ ಕಾಲ. 1970ರಲ್ಲಿ ನೀಡಲ್‌ಮನ್ ಮತ್ತು ವುನ್ಶ್, 1981ರಲ್ಲಿ ಸ್ಮಿತ್ ಮತ್ತು ವಾಟರ್‌ಮನ್ ರೂಪಿಸಿದ ಅಲ್ಗಾರಿದಂಗಳು ಎರಡು ಸರಣಿಗಳನ್ನು ಅಕ್ಷರಕ್ಕೆ ಅಕ್ಷರ ಹೊಂದಿಸಿ ಹೋಲಿಸುವುದನ್ನು ಗಣಕಕ್ಕೆ ಕಲಿಸಿದವು. ಒಂದು ವಂಶವಾಹಿಯ ಮಟ್ಟಿಗೆ ಇದು ಸೊಗಸಾದ ವಿಧಾನ. ಇಡೀ ಜೀನೋಮ್‌ಗೆ ಮಾತ್ರ ಇದು ಸಾಲದು. ಅಲ್ಲಿ ತುಂಡುಗಳೇ ಎದ್ದು ಬೇರೆಡೆ ಹೋಗಿರುತ್ತವೆ, ಹಿಂದುಮುಂದಾಗಿರುತ್ತವೆ.

ಈ ಕೊರತೆಯನ್ನು ಎತ್ತಿ ತೋರಿಸಿದ್ದು ಎಲೆಕೋಸು ಮತ್ತು ಟರ್ನಿಪ್. ಜೆಫ್ರಿ ಪಾಮರ್ ಮತ್ತು ಲಾರಾ ಹರ್ಬನ್ 1988ರಲ್ಲಿ ಈ ಎರಡು ಸಸ್ಯಗಳ ಮೈಟೊಕಾಂಡ್ರಿಯದ (ಜೀವಕೋಶಕ್ಕೆ ಶಕ್ತಿ ಒದಗಿಸುವ ಅಂಗಕದ) ಡಿಎನ್ಎಯನ್ನು ಹೋಲಿಸಿದಾಗ ಅಕ್ಷರಗಳಲ್ಲಿ ಹೆಚ್ಚೇನೂ ವ್ಯತ್ಯಾಸ ಕಾಣಲಿಲ್ಲ, ವ್ಯತ್ಯಾಸವೆಲ್ಲ ಜೋಡಣೆಯಲ್ಲಿತ್ತು. ಟರ್ನಿಪ್‌ನ ಐದು ತುಂಡುಗಳನ್ನು 1, 2, 3, 4, 5 ಎಂದು ಕರೆದು, ತಿರುಗಿದ ತುಂಡಿಗೆ ಋಣಚಿಹ್ನೆ ಹಾಕಿದರೆ, ಎಲೆಕೋಸಿನ ಸಾಲು 1, −5, 4, −3, 2 ಎಂದಾಗುತ್ತದೆ. ಇದರಲ್ಲಿ 4ನ್ನು ತಿರುಗಿಸಿದರೆ 1, −5, −4, −3, 2 ಸಿಗುತ್ತದೆ. 2ನ್ನು ತಿರುಗಿಸಿದರೆ 1, −5, −4, −3, −2. ಇನ್ನು ಕೊನೆಯ ನಾಲ್ಕನ್ನೂ ಒಟ್ಟಿಗೆ ತಿರುಗಿಸಿದರೆ ಟರ್ನಿಪ್ ಸಿದ್ಧ. ಎರಡೇ ತಿರುವಿನಲ್ಲಿ ಆಗದೇ ಎಂದು ಕೇಳುವವರಿಗೆ ಉತ್ತರವೂ ಇಲ್ಲೇ ಇದೆ. ಕೊನೆಯ ತುದಿಯನ್ನೂ ಲೆಕ್ಕಕ್ಕೆ ಹಿಡಿದರೆ ಎಲೆಕೋಸಿನ ಸಾಲಿನಲ್ಲಿ ಕ್ರಮ ತಪ್ಪಿದ ಸಂದುಗಳು ಐದು. ಒಂದು ತಿರುವು ಎರಡೇ ಕಡೆ ಕತ್ತರಿಸುವುದರಿಂದ ಹೆಚ್ಚೆಂದರೆ ಎರಡು ಸಂದುಗಳನ್ನು ಸರಿಪಡಿಸಬಲ್ಲದು. ಹಾಗಾಗಿ ಮೂರಕ್ಕಿಂತ ಕಡಿಮೆಯಲ್ಲಿ ಕೆಲಸ ಮುಗಿಯದು.

ಐದು ತುಂಡುಗಳಿಗೆ ಕೈಲೆಕ್ಕ ಸಾಕು, ನೂರಾರು ತುಂಡುಗಳಿಗೆ ಸಾಲದು. ದಿಕ್ಕು ಗೊತ್ತಿರುವ ತುಂಡುಗಳಿಗೆ ಅತಿ ಕಡಿಮೆ ತಿರುವುಗಳ ಸಂಖ್ಯೆಯನ್ನು ವೇಗವಾಗಿ, ನಿಖರವಾಗಿ ಕಂಡುಹಿಡಿಯಬಹುದೆಂದು ಶ್ರೀಧರ್ ಹನ್ನೆನ್‌ಹಳ್ಳಿ ಮತ್ತು ಪಾವೆಲ್ ಪೆವ್ಜ್ನರ್ 1995ರಲ್ಲಿ ಸಾಧಿಸಿ ತೋರಿಸಿದರು. ಎರಡು ವರ್ಷಗಳ ಬಳಿಕ ಆಲ್ಬರ್ಟೊ ಕಪ್ರಾರಾ, ದಿಕ್ಕು ತಿಳಿಯದಿದ್ದರೆ ಇದೇ ಲೆಕ್ಕ ಎನ್‌ಪಿ-ಕಠಿಣವಾಗುತ್ತದೆ, ಅಂದರೆ ಎಲ್ಲ ಸಂದರ್ಭಗಳಿಗೂ ಒದಗುವ ವೇಗದ ದಾರಿ ಇದ್ದೀತೆಂದು ನಂಬಲು ಆಧಾರವಿಲ್ಲ, ಎಂದು ಸ್ಥಾಪಿಸಿದರು. ಒಂದು ಸಣ್ಣ ಚಿಹ್ನೆ ಇಷ್ಟು ದೊಡ್ಡ ಅಂತರವನ್ನು ಉಂಟುಮಾಡುತ್ತದೆ.

ನಿಜವಾದ ವಾಗ್ವಾದ ಎದ್ದದ್ದು ಮಾನವ ಮತ್ತು ಇಲಿಯ ಹೋಲಿಕೆಯಲ್ಲಿ. ವರ್ಣತಂತುಗಳು ಎಲ್ಲೆಂದರಲ್ಲಿ, ಯಾದೃಚ್ಛಿಕವಾಗಿ ಮುರಿಯುತ್ತವೆಂದು ಭಾವಿಸಿ, ಎರಡೂ ವಂಶಗಳು ಬೇರಾದಂದಿನಿಂದ ಸುಮಾರು 178 ಮರುಜೋಡಣೆಗಳು ನಡೆದಿರಬೇಕೆಂದು ಜೋಸೆಫ್ ನಾಡೊ ಮತ್ತು ಬೆಂಜಮಿನ್ ಟೇಲರ್ 1984ರಲ್ಲೇ ಅಂದಾಜಿಸಿದ್ದರು. 2003ರಲ್ಲಿ ಪೆವ್ಜ್ನರ್ ಮತ್ತು ಗ್ಲೆನ್ ಟೆಸ್ಲರ್, ಹೊಸ ಕರಡುಗಳನ್ನಿಟ್ಟುಕೊಂಡು, ಕ್ರಮ ಉಳಿದುಕೊಂಡ 281 ತುಂಡುಗಳನ್ನು ಗುರುತಿಸಿ, ಕನಿಷ್ಠ 245 ಮರುಜೋಡಣೆಗಳಾಗಿವೆ ಎಂದರು. ಪ್ರತಿ ತಿರುವಿಗೆ ಎರಡು ಮುರಿತಗಳಂತೆ ಲೆಕ್ಕ ಹಾಕಿದರೆ ಮುರಿತಗಳು ಐನೂರರ ಹತ್ತಿರ ಬರುತ್ತವೆ. ತುಂಡುಗಳ ನಡುವಿನ ಸಂದುಗಳೋ ಅದಕ್ಕಿಂತ ಎಷ್ಟೋ ಕಡಿಮೆ. ಹಾಗಿದ್ದರೆ ಅವೇ ಜಾಗಗಳು ಮತ್ತೆ ಮತ್ತೆ ಮುರಿದಿರಬೇಕು, ಅಂದರೆ ಜೀನೋಮ್‌ನಲ್ಲಿ ದುರ್ಬಲ ತಾಣಗಳಿವೆ ಎಂಬುದು ಅವರ ವಾದ. ಡೇವಿಡ್ ಸ್ಯಾಂಕೊಫ್ ಮತ್ತು ಫಿಲ್ ಟ್ರಿನ್ ಇದನ್ನು ಒಪ್ಪಲಿಲ್ಲ. ತುಂಡುಗಳನ್ನು ಗುರುತಿಸುವಾಗ ತೀರ ಚಿಕ್ಕವನ್ನು ಕೈಬಿಡುತ್ತೇವೆ, ಪಕ್ಕದವನ್ನು ಬೆಸೆಯುತ್ತೇವೆ. ಇಲ್ಲದ ಮರುಮುರಿತ ಕಾಣಿಸಲು ಅಷ್ಟು ಸಾಕು ಎಂದು ಅವರು ತೋರಿಸಿದರು.

ಈ ಆಕ್ಷೇಪಕ್ಕೆ ಬಹಳ ತೂಕವಿದೆ ಎಂದು ನಾನು ಭಾವಿಸುತ್ತೇನೆ. ತುಂಡು ಎಂದರೆ ಯಾವುದು ಎಂದು ಮೊದಲೇ ನಿರ್ಧರಿಸುವವರು ನಾವು, ಗಣಕ ಅದರ ಮೇಲೆ ಎಣಿಸುತ್ತದೆ ಅಷ್ಟೆ. ಜೊತೆಗೆ, ಅತಿ ಚಿಕ್ಕ ದಾರಿಯಲ್ಲೇ ವಿಕಾಸ ನಡೆದಿರಬೇಕೆಂಬ ನಿಯಮವೂ ಇಲ್ಲ. ಇಂಥ ಒಂದು ತಕರಾರನ್ನು ತೂಗಿ ನೋಡಲು ಗಣಿತಜ್ಞರೂ ಜೀವವಿಜ್ಞಾನಿಗಳೂ ಒಂದೇ ಕೋಣೆಯಲ್ಲಿ ಕೂರಬೇಕಾಗುತ್ತದೆ.

2005ರಲ್ಲಿ ಸೋಫಿಯಾ ಯಾಂಕೊಪೌಲೊಸ್ ಮತ್ತು ಸಹೋದ್ಯೋಗಿಗಳು ಎರಡು ಕಡೆ ಕತ್ತರಿಸಿ ಮತ್ತೆ ಅಂಟಿಸುವ ಒಂದೇ ಕ್ರಿಯೆಯೊಳಗೆ ತಿರುವು, ಸ್ಥಾನಾಂತರ, ಕೂಡಿಕೆ, ಒಡೆತಗಳೆಲ್ಲವನ್ನೂ ತಂದರು. ಲೆಕ್ಕ ಎಷ್ಟೋ ಹಗುರವಾಯಿತು. ಉಳಿದಿರುವ ದೊಡ್ಡ ತೊಡಕು ನಕಲುಗಳದು. ಒಂದು ವಂಶವಾಹಿಗೆ ಈ ಜೀವಿಯಲ್ಲಿ ಮೂರು ಪ್ರತಿ, ಆ ಜೀವಿಯಲ್ಲಿ ನಾಲ್ಕು ಪ್ರತಿ ಇದ್ದರೆ ಯಾವುದಕ್ಕೆ ಯಾವುದು ಜೋಡಿ ಎಂಬುದನ್ನು ಮೊದಲು ತೀರ್ಮಾನಿಸಬೇಕು, ಆ ತೀರ್ಮಾನದ ಜೊತೆಗೆ ಕಡಿಮೆ ಹೆಜ್ಜೆಗಳ ಲೆಕ್ಕವನ್ನು ಬೆರೆಸಿದೊಡನೆ ಅದು ಮತ್ತೆ ಎನ್‌ಪಿ-ಕಠಿಣವಾಗುತ್ತದೆ. 2022ರಲ್ಲಿ ಮಾನವ ಜೀನೋಮ್‌ನ ಬಿಟ್ಟುಹೋಗಿದ್ದ ಸುಮಾರು ಶೇಕಡಾ 8 ಭಾಗ ಓದಿಗೆ ದಕ್ಕಿದಾಗ ಅಲ್ಲಿ ಸಿಕ್ಕಿದ್ದರಲ್ಲಿ ಬಹುಪಾಲು ಪುನರಾವರ್ತನೆಗಳೇ.