ಲ್ಯಾಬಿನಲ್ಲಿ ಮೂಳೆ ಬೆಳೆಸಲು ಯಾವ ಕೋಶ ತೆಗೆದುಕೊಳ್ಳಬೇಕು?

ಮೂಳೆ ಅಂಗಾಂಶದ ಪಾಠ ಶುರುವಾದರೆ ಎಲ್ಲರ ಗಮನವೂ ಸ್ಕ್ಯಾಫೋಲ್ಡ್ (ಕೋಶ ಕೂತು ಬೆಳೆಯುವ ಚೌಕಟ್ಟು) ಮೇಲೆಯೇ. ಯಾವ ಪಾಲಿಮರ್, ರಂಧ್ರ ಎಷ್ಟು ದೊಡ್ಡದಿರಬೇಕು, 3ಡಿ ಪ್ರಿಂಟ್ ಮಾಡಬೇಕಾ ಬೇಡವಾ ಅಂತ ದಿನಗಟ್ಟಲೆ ಚರ್ಚೆ ನಡೆಯುತ್ತದೆ. ಕೋಶದ ಮಾತು ಬಂದಾಗ ಮಾತ್ರ "ಇರೋದನ್ನೇ ಹಾಕೋಣ" ಅಂತ ಮುಗಿದುಬಿಡುತ್ತದೆ. ನನ್ನ ಮೊದಲ ಪ್ರಯೋಗವೂ ಹಾಗೇ ನಡೆಯಿತು. ದ್ರವ ಸಾರಜನಕದ ಡಬ್ಬಿಯಲ್ಲಿ ಎಂಜಿ-63 ಎಂಬ ಕೋಶ ಇತ್ತು. ಅದನ್ನೇ ಬೆಳೆಸಿದೆ. 21 ದಿನ ತಪ್ಪದೆ ಮೀಡಿಯಂ (ಕೋಶದ ಪೋಷಕ ದ್ರವ) ಬದಲಿಸಿದೆ. ಕೊನೆಗೆ ಕ್ಯಾಲ್ಸಿಯಂ ತೋರಿಸುವ ಅಲಿಜರಿನ್ ರೆಡ್ ಹಾಕಿ ತೊಳೆದರೆ ಪ್ಲೇಟಿನ ತಳದಲ್ಲಿ ತೆಳು ಗುಲಾಬಿ ಬಣ್ಣ ಬಿಟ್ಟು ಏನೂ ಉಳಿಯಲಿಲ್ಲ. ಬಣ್ಣ ಸರಿಯಾಗಿತ್ತು, ಮೀಡಿಯಂ ಕೂಡ ಸರಿಯಾಗಿತ್ತು. ಆ ಕೋಶಕ್ಕೆ ಖನಿಜ ಕೂಡಿಸುವ ಶಕ್ತಿಯೇ ಕಡಿಮೆ.

ಅವತ್ತಿಂದ ನಾನು ಪಾಲಿಸುವ ಕ್ರಮ ಇದು: ಪ್ರಶ್ನೆಯನ್ನು ಮೊದಲು ಕಾಗದದ ಮೇಲೆ ಬರೆಯುವುದು, ಆಮೇಲೆ ಕೋಶ ಹುಡುಕುವುದು.

ಸೆಲ್ ಲೈನ್‌ಗಳು

ಸೆಲ್ ಲೈನ್ ಅಂದರೆ ಲ್ಯಾಬಿನಲ್ಲಿ ಕೊನೆಯಿಲ್ಲದೆ ಹೆಚ್ಚುತ್ತಾ ಹೋಗುವ ಕೋಶಗಳ ಸಂತತಿ. ಎಂಜಿ-63 ಮತ್ತು ಸಾವೋಸ್-2 ಎರಡೂ ಮೂಳೆ ಕ್ಯಾನ್ಸರಿನಿಂದ ಬಂದವು. ಎಂಜಿ-63 ಹದಿನಾಲ್ಕು ವರ್ಷದ ಹುಡುಗನ ಗೆಡ್ಡೆಯಿಂದ, ಸಾವೋಸ್-2 ಹನ್ನೊಂದು ವರ್ಷದ ಹುಡುಗಿಯ ಗೆಡ್ಡೆಯಿಂದ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಸಾವೋಸ್-2ರಲ್ಲಿ ಆಲ್ಕಲೈನ್ ಫಾಸ್ಫಟೇಸ್ ಕಿಣ್ವ ತುಂಬಾ ಜಾಸ್ತಿ, ಖನಿಜವನ್ನೂ ಚೆನ್ನಾಗಿ ಕೂಡಿಸುತ್ತದೆ. ಎಂಜಿ-63 ಎಳೆಯ ಹಂತದಲ್ಲೇ ನಿಂತುಬಿಟ್ಟ ಕೋಶದ ಹಾಗೆ: ಬೇಗ ಬೆಳೆಯುತ್ತದೆ, ಆದರೆ ಮಾಗುವುದಿಲ್ಲ.

ಹೊಸ ವಸ್ತು ಕೋಶಕ್ಕೆ ವಿಷವಾ, ಅದರ ಮೇಲೆ ಕೋಶ ಅಂಟುತ್ತದಾ ಅಂತ ನೋಡಲು ಇವು ಸಾಕು. ಸುಲಭವಾಗಿ ಸಿಗುತ್ತವೆ, ಪ್ರತಿಸಲ ಹೆಚ್ಚುಕಡಿಮೆ ಒಂದೇ ಥರ ನಡೆದುಕೊಳ್ಳುತ್ತವೆ. ಆದರೆ "ಈ ಸ್ಕ್ಯಾಫೋಲ್ಡ್ ಮೇಲೆ ಕೋಶ ಚೆನ್ನಾಗಿ ಹೆಚ್ಚುತ್ತಿದೆ" ಅಂತ ಇವುಗಳ ಭರವಸೆಯಲ್ಲಿ ಬರೆಯಬೇಡಿ. ಸಾವೋಸ್-2ರಲ್ಲಿ ಕೋಶ ವಿಭಜನೆಗೆ ಕಡಿವಾಣ ಹಾಕುವ ಪಿ53 ಜೀನೇ ಇಲ್ಲ. ಕ್ಯಾನ್ಸರ್ ಕೋಶ ಹೆಚ್ಚುವುದು ಅದರ ಗುಣ, ಅದರಲ್ಲಿ ಸ್ಕ್ಯಾಫೋಲ್ಡಿನ ಹೆಚ್ಚುಗಾರಿಕೆ ಏನೂ ಇಲ್ಲ.

ಇನ್ನೊಂದು ದಾರಿ ಎಚ್‌ಎಫ್‌ಒಬಿ 1.19. ಇದು ಭ್ರೂಣದ ಮೂಳೆ ಕೋಶ. ಉಷ್ಣತೆಗೆ ತಕ್ಕಂತೆ ಕೆಲಸ ಮಾಡುವ ವೈರಸ್ ಜೀನ್ ಒಂದನ್ನು ಅದಕ್ಕೆ ಸೇರಿಸಿದ್ದಾರೆ. ಸುಮಾರು 34 ಡಿಗ್ರಿಯಲ್ಲಿ ಹೆಚ್ಚುತ್ತಾ ಹೋಗುತ್ತದೆ, 39 ಡಿಗ್ರಿ ದಾಟಿಸಿದರೆ ಹೆಚ್ಚುವುದು ನಿಂತು ಮಾಗುತ್ತದೆ. ನೆನಪಿರಲಿ, ಎರಡೂ ನಮ್ಮ ಮೈಯ ಉಷ್ಣತೆಯಲ್ಲ.

ಮೂಳೆಯಿಂದಲೇ ತೆಗೆದ ಕೋಶ

ಸೊಂಟದ ಕೀಲು ಬದಲಿಸುವ ಶಸ್ತ್ರಚಿಕಿತ್ಸೆಯಲ್ಲಿ ತೊಡೆಮೂಳೆಯ ತಲೆಯನ್ನು ಕತ್ತರಿಸಿ ತೆಗೆಯುತ್ತಾರೆ. ರೋಗಿಯ ಒಪ್ಪಿಗೆ ಮತ್ತು ನೈತಿಕ ಸಮಿತಿಯ ಅನುಮತಿ ಇದ್ದರೆ ಅದೇ ನಮ್ಮ ಕಚ್ಚಾ ಸಾಮಗ್ರಿ. ಒಳಗಿನ ಜಾಲರಿಯಂಥ ಮೂಳೆಯನ್ನು ಅಕ್ಕಿ ಕಾಳಿನಷ್ಟು ಚಿಕ್ಕ ಚೂರು ಮಾಡುತ್ತೇವೆ. ಅಕ್ಕಿ ತೊಳೆದ ಹಾಗೇ ತೊಳೆಯಬೇಕು. ಮೊದಲ ನೀರು ಕೆಂಪು, ಕೊಬ್ಬಿನ ಹನಿಗಳು ಮೇಲೆ ತೇಲುತ್ತವೆ. ಮೂಳೆ ಬೆಳ್ಳಗಾಗುವವರೆಗೂ ತೊಳೆದು, ಚೂರುಗಳನ್ನು ಮೀಡಿಯಂನಲ್ಲಿಟ್ಟು ಫ್ಲಾಸ್ಕನ್ನು ಅಲುಗಾಡಿಸದೆ ಬಿಡಬೇಕು. ಒಂದು ವಾರ ಏನೂ ಕಾಣುವುದಿಲ್ಲ. ಆಮೇಲೆ ಒಂದು ದಿನ ಚೂರಿನ ಅಂಚಿನಲ್ಲಿ ಉದ್ದುದ್ದ ಕೋಶಗಳು ನಾಲ್ಕೈದು ಹೊರಗೆ ಬಂದಿರುತ್ತವೆ. ಆ ದೃಶ್ಯ ನೋಡಿದಾಗ ಆಗುವ ಖುಷಿ ನನಗೆ ಇವತ್ತಿಗೂ ಕಡಿಮೆಯಾಗಿಲ್ಲ.

ಇವು ಮೂಳೆ ಕಟ್ಟುವ ಕೋಶಗಳಾದ ನಿಜವಾದ ಆಸ್ಟಿಯೋಬ್ಲಾಸ್ಟ್‌ಗಳಿಗೆ ತುಂಬಾ ಹತ್ತಿರ. ತೊಂದರೆ ಎಂದರೆ ನಿಧಾನ. ಫ್ಲಾಸ್ಕ್ ತುಂಬಲು ತಿಂಗಳೇ ಬೇಕಾಗಬಹುದು. ಕೆಲವು ಪ್ಯಾಸೇಜ್ (ತುಂಬಿದ ಫ್ಲಾಸ್ಕಿನಿಂದ ಹೊಸದಕ್ಕೆ ವರ್ಗಾಯಿಸುವುದು) ಆದಮೇಲೆ ತಮ್ಮ ಗುಣವನ್ನೂ ಕಳೆದುಕೊಳ್ಳುತ್ತವೆ. ಜೊತೆಗೆ, ಕೀಲು ಬದಲಿಸಿಕೊಳ್ಳುವವರಲ್ಲಿ ವಯಸ್ಸಾದವರೇ ಹೆಚ್ಚು. ಅವರ ಮೂಳೆಯ ಕೋಶ ಇಪ್ಪತ್ತರ ಹುಡುಗನ ಕೋಶದಂತೆ ಇರುವುದಿಲ್ಲ ಅಲ್ವಾ.

ಮಜ್ಜೆಯ ಸ್ಟ್ರೋಮಲ್ ಕೋಶ

ಹೆಚ್ಚಿನವರು ಕೊನೆಗೆ ಬಂದು ನಿಲ್ಲುವುದು ಮೂಳೆಮಜ್ಜೆಯ ಆಧಾರ ಅಂಗಾಂಶದ ಈ ಕೋಶಗಳಲ್ಲೇ. ಮಜ್ಜೆಯನ್ನು ಪ್ಲಾಸ್ಟಿಕ್ ತಟ್ಟೆಯಲ್ಲಿಟ್ಟರೆ ಕೆಲವೇ ಕೋಶಗಳು ತಳಕ್ಕೆ ಅಂಟಿ ಗುಂಪುಗಳಾಗಿ ಬೆಳೆಯುತ್ತವೆ, ಅವುಗಳಿಗೆ ಮೂಳೆ ಕಟ್ಟುವ ಶಕ್ತಿ ಇದೆ ಅಂತ ಸೋವಿಯತ್ ವಿಜ್ಞಾನಿ ಅಲೆಕ್ಸಾಂಡರ್ ಫ್ರೀಡೆನ್‌ಸ್ಟೈನ್ ಮತ್ತು ಸಂಗಡಿಗರು 1960-70ರ ದಶಕದಲ್ಲಿ ತೋರಿಸಿದರು. ಮಜ್ಜೆಯ ಒಂದು ಲಕ್ಷ ಏಕಕೇಂದ್ರ (ಒಂದೇ ದುಂಡು ಕೋಶಕೇಂದ್ರವಿರುವ) ಕೋಶಗಳಲ್ಲಿ ಇಂಥವು ಒಂದರಿಂದ ಹತ್ತು ಮಾತ್ರ. ಹಾಗಾಗಿ ಮಜ್ಜೆ ಎಳೆಯುವ ಕೈಚಳಕವೂ ಲೆಕ್ಕಕ್ಕೆ ಬರುತ್ತದೆ. ಒಂದೇ ಜಾಗದಿಂದ ಜಾಸ್ತಿ ಎಳೆದರೆ ಬರುವುದು ಬರೀ ರಕ್ತ. ಒಂದೊಂದು ಜಾಗದಿಂದ ಸುಮಾರು 2 ಮಿಲಿಲೀಟರ್ ಎಳೆದು ಸೂಜಿಯ ಜಾಗ ಬದಲಿಸುವುದು ಒಳ್ಳೆಯದು.

ಗುರುತು ಹಿಡಿಯಲು 2006ರಲ್ಲಿ ಬಂದ ಅಂತರರಾಷ್ಟ್ರೀಯ ಮಾನದಂಡ ಇದೆ. ಕೋಶ ಪ್ಲಾಸ್ಟಿಕ್‌ಗೆ ಅಂಟಬೇಕು. ಸಿಡಿ73, ಸಿಡಿ90, ಸಿಡಿ105 ಎಂಬ ಮೇಲ್ಮೈ ಪ್ರೋಟೀನ್ ಗುರುತುಗಳು ಇರಬೇಕು, ರಕ್ತ ಕೋಶಗಳ ಗುರುತುಗಳು ಇರಬಾರದು. ಮೂಳೆ, ಮೃದ್ವಸ್ಥಿ, ಕೊಬ್ಬು ಮೂರೂ ಆಗಿ ಬದಲಾಗಬೇಕು. ಆದರೆ ಪರೀಕ್ಷೆಗೆ ಓದುವವರು ಇಲ್ಲಿ ಒಂದು ಗೆರೆ ಎಳೆದುಕೊಳ್ಳಿ: ಈ ಮಾನದಂಡ ದಾಟಿದ ಕೋಶಗಳೆಲ್ಲ ಒಳ್ಳೆಯ ಮೂಳೆ ಕಟ್ಟುತ್ತವೆ ಅಂತೇನಿಲ್ಲ. ಒಬ್ಬರ ಕೋಶ ಕೆಂಪಾಗಿ ಗಟ್ಟಿಯಾದರೆ, ಅದೇ ಮೀಡಿಯಂನಲ್ಲಿ ಇನ್ನೊಬ್ಬರದು ಖಾಲಿ ಕೂತಿರುತ್ತದೆ. ಒಬ್ಬ ದಾನಿಯ ಕೋಶವನ್ನು ಪ್ಲೇಟಿನ ಮೂರು ಗುಳಿ‌ಗಳಲ್ಲಿ ಹಾಕಿ "ಮೂರು ಸಲ ಮಾಡಿದ್ದೇವೆ" ಅನ್ನುವುದು ಸರಿಯಲ್ಲ. ಕನಿಷ್ಠ ಮೂವರು ದಾನಿಗಳಾದರೂ ಬೇಕು, ಅವರ ಕೋಶಗಳನ್ನು ಬೆರೆಸದೆ ಬೇರೆಬೇರೆಯಾಗಿಯೇ ಬೆಳೆಸಬೇಕು. ವಯಸ್ಸು, ಲಿಂಗ, ಪ್ಯಾಸೇಜ್ ಸಂಖ್ಯೆ ನೋಟ್‌ಬುಕ್ಕಿನಲ್ಲಿರಲಿ. ನಾನು ನಾಲ್ಕನೇ ಪ್ಯಾಸೇಜ್ ದಾಟಿಸುವುದಿಲ್ಲ.

ಕೊಬ್ಬಿನಿಂದಲೂ ಇಂಥ ಕೋಶ ತೆಗೆಯಬಹುದು. ಸಿಗುವುದು ಸುಲಭ, ಸಂಖ್ಯೆಯೂ ಜಾಸ್ತಿ, ಮೂಳೆಯ ಕಡೆಗಿನ ಒಲವು ಮಾತ್ರ ಸಾಮಾನ್ಯವಾಗಿ ಮಜ್ಜೆಯದಕ್ಕಿಂತ ಕಡಿಮೆ. ಹಲ್ಲಿನ ತಿರುಳು, ಹೊಕ್ಕುಳಬಳ್ಳಿಯ ಕೋಶಗಳೂ ಇವೆ. 2007ರಲ್ಲಿ ಮಾನವ ಚರ್ಮದ ಕೋಶದಿಂದ ಐಪಿಎಸ್ ಕೋಶ (ಯಾವ ಬಗೆಯ ಕೋಶವಾಗಿಯಾದರೂ ಬದಲಾಗಬಲ್ಲ ಕೋಶ) ಮಾಡುವುದು ಗೊತ್ತಾದಮೇಲೆ ಕೋಶದ ಕೊರತೆಯೇ ಇಲ್ಲದಂತಾಯಿತು. ಆದರೆ ಬದಲಾಗದೆ ಉಳಿದ ಒಂದಿಷ್ಟು ಕೋಶ ಮೈಯೊಳಗೆ ಹೋದರೂ ಗೆಡ್ಡೆಯಾಗುವ ಭಯ ಇದ್ದೇ ಇದೆ.

ರೋಗಿಗೆ ಹಾಕುವುದೇ ಗುರಿಯಾದರೆ ರೋಗಿಯದೇ ಮಜ್ಜೆಯ ಕೋಶ ಮೊದಲ ಆಯ್ಕೆ. 2001ರಲ್ಲಿ ಇಟಲಿಯ ತಂಡವೊಂದು ಮೂವರು ರೋಗಿಗಳ ವರದಿ ಪ್ರಕಟಿಸಿತು. ಅವರ ಮೂಳೆಯಲ್ಲಿ 4ರಿಂದ 7 ಸೆಂಟಿಮೀಟರ್‌ನಷ್ಟು ಭಾಗವೇ ಇರಲಿಲ್ಲ. ಅವರದೇ ಕೋಶಗಳನ್ನು ಬೆಳೆಸಿ, ರಂಧ್ರವಿರುವ ಹೈಡ್ರಾಕ್ಸಿಅಪಟೈಟ್ (ಮೂಳೆಯ ಖನಿಜದಂಥ ವಸ್ತು) ತುಂಡಿನಲ್ಲಿ ತುಂಬಿ ಆ ಜಾಗದಲ್ಲಿ ಕೂರಿಸಿದರು. ಮೂವರ ಕೈಕಾಲೂ ಮತ್ತೆ ಕೆಲಸಕ್ಕೆ ಬಂದವು.

ಕೆಂಪು ಬಣ್ಣವನ್ನು ನಂಬುವ ಮುಂಚೆ

ಮೂಳೆಯ ಕಡೆ ತಿರುಗಿಸುವ ಮೀಡಿಯಂನಲ್ಲಿ ಡೆಕ್ಸಾಮೆಥಸೋನ್, ವಿಟಮಿನ್ ಸಿ, ಬೀಟಾ-ಗ್ಲಿಸರೋಫಾಸ್ಫೇಟ್ ಇರುತ್ತವೆ. ಕೊನೆಯದನ್ನು ಸಾಮಾನ್ಯವಾಗಿ 10 ಮಿಲಿಮೋಲಾರ್ ಹಾಕುತ್ತಾರೆ. ಅದರಿಂದ ಫಾಸ್ಫೇಟ್ ಜಾಸ್ತಿ ಬಿಡುಗಡೆಯಾದರೆ ಖನಿಜ ತಾನೇ ಇಳಿದು ಕೂರುತ್ತದೆ, ಸತ್ತ ಕೋಶಗಳ ಮೇಲೂ ಕೂರುತ್ತದೆ. ಅಲಿಜರಿನ್ ಅದನ್ನೂ ಕೆಂಪು ಮಾಡುತ್ತದೆ. ಅದಕ್ಕೇ ಮೊದಲ ಎರಡು ವಾರದಲ್ಲಿ ಆಲ್ಕಲೈನ್ ಫಾಸ್ಫಟೇಸ್, ಕೊಲಾಜನ್, ಆಮೇಲೆ ಮಾಗಿದ ಮೂಳೆ ಕೋಶ ಮಾಡುವ ಆಸ್ಟಿಯೋಕ್ಯಾಲ್ಸಿನ್ ಪ್ರೋಟೀನ್ ಕೂಡ ನೋಡಬೇಕು. ಸ್ಕ್ಯಾಫೋಲ್ಡೇ ಕ್ಯಾಲ್ಸಿಯಂ ಫಾಸ್ಫೇಟಿನದಾಗಿದ್ದರೆ ಅದು ಮೊದಲ ದಿನವೇ ಕೆಂಪಾಗುತ್ತದೆ. ಕೋಶವಿಲ್ಲದ ಒಂದು ತುಂಡನ್ನು ಅದೇ ಮೀಡಿಯಂನಲ್ಲಿ, ಅದೇ ಇನ್‌ಕ್ಯುಬೇಟರಿನಲ್ಲಿ, ಅಷ್ಟೇ ದಿನ ಇಟ್ಟು, ಪಕ್ಕದಲ್ಲಿಟ್ಟುಕೊಂಡೇ ಬಣ್ಣ ನೋಡಿ.