ಹೆರಿಗೆಯಾದ ಮೂರನೇ ದಿನ ಮಗುವನ್ನು ನೋಡುವವರು ಯಾರು?

"ನಾರ್ಮಲ್ ಡೆಲಿವರಿ, ಮಗುನೂ ಚೆನ್ನಾಗಿದೆ, ಇನ್ನೂ ಯಾಕೆ ಬಿಡ್ತಿಲ್ಲ?" ಮೈಸೂರು, ಮಂಡ್ಯದ ಹೆರಿಗೆ ವಾರ್ಡುಗಳಲ್ಲಿ ಈ ಮಾತು ಮಾಮೂಲಿ. ಕೇಳುವವರ ಕಷ್ಟವೂ ನಿಜ. ಜೊತೆಗಿರುವ ಅಮ್ಮನಿಗೆ ಮಲಗಲು ಜಾಗವಿಲ್ಲ, ಊರಲ್ಲಿ ಹಸು ಕರೆಯುವವರಿಲ್ಲ, ನಾಳೆ ಅಮಾವಾಸ್ಯೆ, ಇವತ್ತೇ ರಾಹುಕಾಲಕ್ಕೆ ಮುಂಚೆ ಹೊರಟುಬಿಡೋಣ ಅಂತ ಮನೆಯವರು ಕಾಯುತ್ತಿರುತ್ತಾರೆ. ಆಸ್ಪತ್ರೆಗೂ ಹಾಸಿಗೆ ಬೇಕು. ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ ಮಂಡ್ಯ, ಚಾಮರಾಜನಗರ, ಕೊಡಗಿನಿಂದಲೂ ಹೆರಿಗೆಗೆ ಬರುತ್ತಾರೆ. ಆದರೂ ಎರಡು ದಿನ ಇರಿ ಅನ್ನುತ್ತಾರಲ್ಲ, ಯಾಕೆ?

ಈ 48 ಗಂಟೆಯ ಲೆಕ್ಕದ ಬಗ್ಗೆ ದೊಡ್ಡ ಜಗಳ ನಡೆದದ್ದು ಅಮೆರಿಕದಲ್ಲಿ. ಅಲ್ಲಿ 1970ರ ಹೊತ್ತಿಗೆ ಬಾಣಂತಿಯರು ಸುಮಾರು ನಾಲ್ಕು ದಿನ ಆಸ್ಪತ್ರೆಯಲ್ಲಿ ಇರುತ್ತಿದ್ದರು. 1990ರ ದಶಕದಲ್ಲಿ ವಿಮಾ ಕಂಪನಿಗಳು ಖರ್ಚು ಉಳಿಸಲು ಹೊರಟಾಗ ಅದು 24 ಗಂಟೆಗೆ, ಕೆಲವು ಸಲ ಅದಕ್ಕಿಂತ ಕಡಿಮೆಗೆ ಇಳಿಯಿತು. ತಾಯಂದಿರು, ವೈದ್ಯರು ಸಿಟ್ಟಿಗೆದ್ದರು. 1996ರಲ್ಲಿ ಕಾನೂನೇ ಬಂತು: ಸಹಜ ಹೆರಿಗೆಗೆ 48 ಗಂಟೆ, ಸಿಸೇರಿಯನ್‌ಗೆ 96 ಗಂಟೆ ವಿಮೆ ಕೊಡಲೇಬೇಕು.

ನಮ್ಮ ಕಥೆ ಇದಕ್ಕೆ ತಿರುಗುಮುರುಗು. ಇಲ್ಲಿ ಆಸ್ಪತ್ರೆಗೆ ಕರೆತರುವುದೇ ಮೊದಲ ಕೆಲಸವಾಗಿತ್ತು. ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಿಕೊಂಡವರಿಗೆ ಹಣ ಕೊಡುವ ಜನನಿ ಸುರಕ್ಷಾ ಯೋಜನೆ 2005ರಲ್ಲಿ ಶುರುವಾಯಿತು. 2005-06ರಲ್ಲಿ ದೇಶದ ಶೇ. 38.7ರಷ್ಟು ಹೆರಿಗೆಗಳು ಮಾತ್ರ ಆಸ್ಪತ್ರೆಯಲ್ಲಿ ಆಗುತ್ತಿದ್ದವು, 2019-21ರ ಹೊತ್ತಿಗೆ ಅದು ಶೇ. 88.6 ಆಯಿತು, ಕರ್ನಾಟಕದಲ್ಲಂತೂ ಶೇ. 97. ಆದರೆ ಬಂದವರನ್ನು ಉಳಿಸಿಕೊಳ್ಳಬೇಕಲ್ಲ? ಅದಕ್ಕೇ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸಹಜ ಹೆರಿಗೆಗೆ ಮೂರು ದಿನ, ಸಿಸೇರಿಯನ್‌ಗೆ ಏಳು ದಿನ ಬಾಣಂತಿಗೆ ಉಚಿತ ಊಟ, ವಾಪಸ್ ಮನೆಗೆ ಹೋಗಲು ಉಚಿತ ವಾಹನ ಇಟ್ಟರು. ವಿಶ್ವ ಆರೋಗ್ಯ ಸಂಸ್ಥೆ ಕನಿಷ್ಠ 24 ಗಂಟೆ ಅನ್ನುತ್ತದೆ.

ಚೆನ್ನಾಗಿರುವ ಮಗುವಿಗೂ ಇಷ್ಟು ಕಾವಲು ಯಾಕೆ ಅಂದರೆ, ಕೆಲವು ತೊಂದರೆಗಳು ಮೊದಲ ದಿನ ಕಾಣುವುದೇ ಇಲ್ಲ. ಹುಟ್ಟಿದಾಗ ತೆರೆದೇ ಇರುವ ಒಂದು ರಕ್ತನಾಳ ಒಂದೆರಡು ದಿನದಲ್ಲಿ ಮುಚ್ಚಿಕೊಳ್ಳುತ್ತದೆ, ಹೃದಯದ ಕೆಲವು ದೋಷಗಳು ಬಯಲಾಗುವುದು ಆಮೇಲೇ. ಎದೆಹಾಲು ಸರಿಯಾಗಿ ಇಳಿಯುವುದು ಎರಡರಿಂದ ನಾಲ್ಕನೇ ದಿನದೊಳಗೆ. ಇನ್ನು ಕಾಮಾಲೆ: ತಿಂಗಳು ತುಂಬಿ ಹುಟ್ಟಿದ ಮಕ್ಕಳಲ್ಲಿ ಅದು ಜಾಸ್ತಿಯಾಗುವುದು ಮೂರರಿಂದ ಐದನೇ ದಿನದ ನಡುವೆ. ಹೆಚ್ಚಿನ ಮಕ್ಕಳಿಗೆ ತಾನಾಗೇ ಇಳಿಯುತ್ತದೆ. ಕೆಲವರಿಗೆ ಇಳಿಯುವುದಿಲ್ಲ. ಮೈ ಹಳದಿಯಾಗಿಸುವ ಬಿಲಿರುಬಿನ್ ಅನ್ನುವ ವಸ್ತು ರಕ್ತದಲ್ಲಿ ಮಿತಿ ಮೀರಿದರೆ ಮೆದುಳಿಗೆ ಶಾಶ್ವತ ಹಾನಿಯಾಗಬಹುದು, ಕಿವಿ ಕೇಳಿಸದೇ ಹೋಗಬಹುದು, ಮತ್ತು ಇದು ಸಕಾಲಕ್ಕೆ ನೋಡಿದರೆ ತಪ್ಪಿಸಬಹುದಾದದ್ದು ಅನ್ನುವುದೇ ನನ್ನನ್ನು ಹೆಚ್ಚು ಕಾಡುವ ವಿಷಯ.

ಕಾಮಾಲೆ ಕಂಡರೆ ನಮ್ಮಲ್ಲಿ ಮಗುವನ್ನು ಬೆಳಗಿನ ಬಿಸಿಲಿಗೆ ಹಿಡಿಯುತ್ತಾರೆ. ಅದರ ಹಿಂದೆ ಸತ್ಯ ಇಲ್ಲದಿಲ್ಲ. 1950ರ ದಶಕದಲ್ಲಿ ಇಂಗ್ಲೆಂಡಿನ ರಾಚ್‌ಫೋರ್ಡ್ ಆಸ್ಪತ್ರೆಯ ನರ್ಸ್ ಸಿಸ್ಟರ್ ವಾರ್ಡ್ ಮಕ್ಕಳನ್ನು ಅಂಗಳಕ್ಕೆ ಕರೆತರುತ್ತಿದ್ದರು, ಬಿಸಿಲು ಬಿದ್ದ ಕಡೆ ಚರ್ಮದ ಹಳದಿ ಕಡಿಮೆಯಾಗಿದ್ದನ್ನು ವೈದ್ಯರಿಗೆ ತೋರಿಸಿದರು. ಇವತ್ತಿನ ನೀಲಿ ಬೆಳಕಿನ ಚಿಕಿತ್ಸೆ ಬೆಳೆದದ್ದು ಅಲ್ಲಿಂದ. ಆದರೆ ಮನೆಯ ಬಿಸಿಲಿಗೆ ಅಳತೆ ಇಲ್ಲ, ಅದನ್ನೇ ನಂಬಿ ಎರಡು ದಿನ ಕಳೆದರೆ ಆ ಎರಡು ದಿನ ವಾಪಸ್ ಸಿಗುವುದಿಲ್ಲ.

ಹಾಗಾದರೆ 48 ಗಂಟೆ ಇದ್ದರೆ ಸಾಕೇ? ಸಾಲದು. ಕಾಮಾಲೆ ಏರುವ ಹೊತ್ತಿಗೆ ಮಗು ಮನೆಯಲ್ಲಿರುತ್ತದೆ. ಅದಕ್ಕಾಗಿಯೇ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು ಅಂತ ನಿಯಮವಿದೆ. ತೊಡಕು ಇರುವುದು ಇಲ್ಲೇ. ತಾಯಿ ಕಾರ್ಡ್ ಆಗಿರುವುದು ಗಂಡನ ಊರಾದ ಮಳವಳ್ಳಿ ಕಡೆ, ಬಾಣಂತನ ನಡೆಯುವುದು ತವರಾದ ಕೆ.ಆರ್. ಪೇಟೆ ಕಡೆ ಅಂದರೆ, ಎರಡೂ ಊರಿನ ಆಶಾಗೆ ಅವಳು ತಪ್ಪಿಹೋಗಬಹುದು. ಹೆರಿಗೆಗೆ ತವರಿಗೆ ಹೋಗುವಾಗಲೇ ಆ ಊರಿನ ಆಶಾಗೆ ಹೇಳಿಡಿ, ಡಿಸ್ಚಾರ್ಜ್ ಚೀಟಿಯಲ್ಲಿ ಮತ್ತೆ ತೋರಿಸುವ ತಾರೀಖು ಬರೆಸಿಕೊಳ್ಳಿ. ಮಗು ಹಾಲು ಕುಡಿಯದೆ ಮಂಕಾಗಿ ಮಲಗಿದ್ದರೆ, ಉಚ್ಚೆ ಕಡಿಮೆಯಾದರೆ, ಹಳದಿ ಅಂಗೈ ಅಂಗಾಲಿನವರೆಗೆ ಇಳಿದಿದ್ದರೆ ಆ ತಾರೀಖಿಗೂ ಕಾಯಬೇಡಿ, ಮಂಗಳವಾರ ಶುಕ್ರವಾರ ನೋಡದೆ ಹೊರಡಿ.