ಚಂದ್ರನಿಗಾಗಿ ಹಿಂದಕ್ಕೆ ನಡೆದವರು

ಹುಣ್ಣಿಮೆ ಚಂದ್ರ ಹುಟ್ಟುವಾಗ ಮೊಬೈಲ್ ಎತ್ತದವರು ಯಾರಿದ್ದಾರೆ? ಕಣ್ಣಿಗೆ ತಟ್ಟೆಯಷ್ಟು ಕಂಡವನು ಫೋಟೋದಲ್ಲಿ ಸಾಸಿವೆ ಕಾಳಾಗಿರುತ್ತಾನೆ. ಮೊಬೈಲನ್ನು ಬೈದು ಪ್ರಯೋಜನವಿಲ್ಲ. ಇಲ್ಲಿ ಮೋಸ ಮಾಡಿದ್ದು ನಮ್ಮ ಮಿದುಳು. ದಿಗಂತದಲ್ಲಿದ್ದರೂ ನೆತ್ತಿಯ ಮೇಲಿದ್ದರೂ ಚಂದ್ರನ ಅಗಲ ಸುಮಾರು ಅರ್ಧ ಡಿಗ್ರಿ, ಅಷ್ಟೇ. ಕೈ ಪೂರ್ತಿ ಚಾಚಿ ಕಿರುಬೆರಳು ಅಡ್ಡ ಹಿಡಿದರೆ ಅದರ ಅರ್ಧದಲ್ಲೇ ಅವನು ಮುಚ್ಚಿಹೋಗುತ್ತಾನೆ. ನಂಬಿಕೆ ಬರದಿದ್ದರೆ ಮುಂದಿನ ಹುಣ್ಣಿಮೆಗೆ ಹಿಡಿದು ನೋಡಿ.

ಹಾಗಾದರೆ ಗೋಪುರವನ್ನೇ ನುಂಗುವಷ್ಟು ದೊಡ್ಡ ಚಂದ್ರನಿರುವ ಚಿತ್ರಗಳು? ಅವೆಲ್ಲ ಕಂಪ್ಯೂಟರಿನಲ್ಲಿ ಅಂಟಿಸಿದ್ದು ಅಂತ ನಾನೂ ಬಹಳ ದಿನ ಅಂದುಕೊಂಡಿದ್ದೆ. ಕೆಲವು ಹಾಗೆಯೇ ಇವೆ. ಉಳಿದವುಗಳ ಹಿಂದಿರುವುದು ಒಂದು ಸಣ್ಣ ಭಾಗಾಕಾರ.

ಚಂದ್ರನ ಅಡ್ಡಳತೆ 3,474 ಕಿ.ಮೀ. ಅವನು ಇರುವ ದೂರ ಸರಾಸರಿ 3,84,400 ಕಿ.ಮೀ. ಭಾಗಿಸಿದರೆ ಸುಮಾರು 110 ಬರುತ್ತದೆ. ಅಂದರೆ ಯಾವುದೇ ವಸ್ತುವಿನಿಂದ ಅದರ ಎತ್ತರದ 110 ಪಟ್ಟು ದೂರ ಹೋಗಿ ನಿಂತರೆ, ಅದೂ ಚಂದ್ರನೂ ಒಂದೇ ಗಾತ್ರಕ್ಕೆ ಕಾಣುತ್ತವೆ. 20 ಮೀಟರ್ ಎತ್ತರದ ಗೋಪುರವಾದರೆ 2.2 ಕಿ.ಮೀ. ಹಿಂದೆ ಹೋಗಬೇಕು. ಹೋದಂತೆ ಹೋದಂತೆ ಗೋಪುರ ಕುಗ್ಗುತ್ತದೆ. ಚಂದ್ರ ಮಾತ್ರ ಕುಗ್ಗುವುದಿಲ್ಲ. ನಾವು ಎರಡು ಕಿಲೋಮೀಟರ್ ಹಿಂದೆ ಸರಿದದ್ದು ಅವನಿಗೆ ಲೆಕ್ಕಕ್ಕೇ ಇಲ್ಲ!

ಉದ್ದನೆಯ ಲೆನ್ಸ್ ದೂರದ್ದನ್ನು ಹತ್ತಿರಕ್ಕೆ ಒತ್ತಿ ತರುತ್ತದೆ ಅನ್ನುತ್ತಾರೆ. ಅದು ಅರ್ಧ ಸತ್ಯ. ಅದೇ ಜಾಗದಿಂದ ಅಗಲ ಲೆನ್ಸಿನಲ್ಲಿ ತೆಗೆದು, ನಡುವಿನ ತುಣುಕನ್ನು ಕತ್ತರಿಸಿ ಹಿಗ್ಗಿಸಿ. ಗೋಪುರಕ್ಕೂ ಚಂದ್ರನಿಗೂ ಅದೇ ಹೋಲಿಕೆ ಸಿಗುತ್ತದೆ, ಚಿತ್ರ ಮಸುಕಾಗಿರುತ್ತದೆ ಅಷ್ಟೇ. ಯಾವುದು ದೊಡ್ಡದು, ಯಾವುದು ಚಿಕ್ಕದು ಅನ್ನುವುದು ನಾವು ಎಲ್ಲಿ ನಿಂತೆವು ಅನ್ನುವುದರಲ್ಲೇ ತೀರ್ಮಾನವಾಗಿರುತ್ತದೆ.

ಕಷ್ಟ ಶುರುವಾಗುವುದು ಇಲ್ಲಿಂದ. ಚಂದ್ರ ದಿನಾ ಒಂದೇ ಕಡೆ ಹುಟ್ಟುವುದಿಲ್ಲ. ಹುಟ್ಟುವ ಜಾಗ ಕೆಲವೊಮ್ಮೆ ಒಂದೇ ದಿನದಲ್ಲಿ ಐದು ಡಿಗ್ರಿಗೂ ಜಾಸ್ತಿ ಸರಿಯುತ್ತದೆ. ನಮ್ಮ ಗೋಪುರದ ಲೆಕ್ಕದಲ್ಲಿ ಅದು ಸುಮಾರು 200 ಮೀಟರ್. ನಿನ್ನೆ ಬಯಲಲ್ಲಿ ನಿಂತವರು ಇವತ್ತು ಯಾರದೋ ಮನೆಯ ಗೋಡೆಗೆ ಮುಖ ಮಾಡಿ ನಿಲ್ಲಬೇಕಾಗಬಹುದು. ಬೆಳಕೂ ಕೂಡಿಬರಬೇಕು. ಹುಣ್ಣಿಮೆಗಿಂತ ಅದರ ಹಿಂದಿನ ಸಂಜೆ ಎಷ್ಟೋ ಸಲ ವಾಸಿ. ಚಂದ್ರ ಬೇಗ ಹುಟ್ಟಿರುತ್ತಾನೆ, ನೆಲದ ಮೇಲೆ ಇನ್ನೂ ಬೆಳಕಿರುತ್ತದೆ. ಇಷ್ಟೆಲ್ಲ ಹೊಂದಿಸಿಕೊಂಡರೂ ದಿಗಂತದ ಮಬ್ಬು ಬಿಡಬೇಕಲ್ಲ? ನೆತ್ತಿಗೆ ಹೋಲಿಸಿದರೆ ದಿಗಂತದ ಕಡೆ ನಾವು ಸುಮಾರು 38 ಪಟ್ಟು ಗಾಳಿಯ ಮೂಲಕ ನೋಡುತ್ತಿರುತ್ತೇವೆ.

ನನ್ನ ಮೊದಲ ತಿಂಗಳು ಮಬ್ಬಿಗೆ ಹೋಯಿತು. ಎರಡನೇ ತಿಂಗಳು ಚಂದ್ರ ಗೋಪುರದಿಂದ ಮೂರು ಚಂದ್ರನಷ್ಟು ಪಕ್ಕದಲ್ಲಿ ಎದ್ದ. 60 ಮೀಟರ್ ತಪ್ಪು. ಸ್ಟ್ಯಾಂಡ್ ಹೊತ್ತುಕೊಂಡು ಓಡಿದೆ. ಆದರೆ ಎರಡು ನಿಮಿಷಕ್ಕೆ ಅವನು ತನ್ನ ಅಗಲದಷ್ಟು ಸರಿಯುತ್ತಾನೆ. ನಾನು ಮುಟ್ಟಿ, ಲೆನ್ಸ್ ಹೊಂದಿಸುವಷ್ಟರಲ್ಲಿ ಗೋಪುರದ ತುದಿ ದಾಟಿದ್ದ.

ಎರಡು ತಿಂಗಳಿಗೇ ಗೊಣಗಿದ ನನಗೆ ನಾಚಿಕೆ ತರಿಸಿದ್ದು ಇಟಲಿಯ ಛಾಯಾಗ್ರಾಹಕ ವಲೇರಿಯೊ ಮಿನಾಟೊ. ಟ್ಯೂರಿನ್ ನಗರದ ಬಳಿಯ ಸೂಪರ್ಗಾ ಬೆಟ್ಟದ ಚರ್ಚು, ಅದರ ಹಿಂದೆ 3,841 ಮೀಟರ್ ಎತ್ತರದ ಮೊನ್ವಿಸೊ ಶಿಖರ, ಅದರ ಹಿಂದೆ ಮುಳುಗುವ ಎಳೆ ಚಂದ್ರ, ಮೂರೂ ಒಂದೇ ಗೆರೆಯಲ್ಲಿ. ಈ ಚಿತ್ರಕ್ಕಾಗಿ ಅವರು ಸುಮಾರು ಆರು ವರ್ಷ ಪ್ರಯತ್ನಪಟ್ಟರು. 2023ರ ಡಿಸೆಂಬರಿನಲ್ಲಿ ಅದು ಸಿಕ್ಕಿತು. ಅದೇ ತಿಂಗಳ 25ರಂದು ನಾಸಾ ಅದನ್ನು ದಿನದ ಖಗೋಳ ಚಿತ್ರವಾಗಿ ಪ್ರಕಟಿಸಿತು. ಇದೂ ಅಂಟಿಸಿದ್ದೇ ಅಂದವರಿಗೆ ಮೇಲಿನ ಭಾಗಾಕಾರ ಗೊತ್ತಿರಲಿಕ್ಕಿಲ್ಲ.

ನಕ್ಷತ್ರಗಳದ್ದು ಬೇರೆ ತಾಪತ್ರಯ. ಭೂಮಿ ತಿರುಗುವುದರಿಂದ ಅಗಲ ಲೆನ್ಸಿನಲ್ಲೂ 20 ಸೆಕೆಂಡ್ ದಾಟಿದರೆ ಚುಕ್ಕಿಗಳು ಗೆರೆಯಾಗತೊಡಗುತ್ತವೆ. ಸಿಗುವ ಬೆಳಕು ಕಡಿಮೆ, ಹರಳು ಹರಳಾದ ಗಲೀಜು ಜಾಸ್ತಿ. ಅದಕ್ಕೆ ಒಂದೇ ನೋಟವನ್ನು ಮತ್ತೆ ಮತ್ತೆ ತೆಗೆದು ಒಂದರ ಮೇಲೊಂದು ಜೋಡಿಸುತ್ತಾರೆ. 16 ಚಿತ್ರ ಸೇರಿಸಿದರೆ ಗಲೀಜು ಕಾಲು ಭಾಗಕ್ಕೆ ಇಳಿಯುತ್ತದೆ. ಹತ್ತನೇ ಒಂದು ಭಾಗಕ್ಕೆ ಇಳಿಸಲು 100 ಬೇಕು. ವರ್ಗಮೂಲದ ಲೆಕ್ಕ ಸ್ವಲ್ಪ ಜಿಪುಣ, ಅಲ್ವಾ?

ಚಂದ್ರ ಹಾಗಲ್ಲ, ಬಿಸಿಲಿನಲ್ಲಿರುವ ಬಂಡೆ. ಅವನ ಹೊಳಪನ್ನು ಮೊದಲೇ ತಿಳಿದಿರಬಹುದು. 1941ರಲ್ಲಿ ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಎಂಬ ಹಳ್ಳಿಯ ಬಳಿ ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಅವರಿಗೆ ಬೆಳಕು ಅಳೆಯುವ ಮೀಟರ್ ಕೈಗೆ ಸಿಗಲಿಲ್ಲ. ಚಂದ್ರನ ಹೊಳಪಿನ ಅಂಕಿ ನೆನಪಿತ್ತು. ಅದರ ಮೇಲೇ ಲೆಕ್ಕ ಹಾಕಿ ಒಂದು ಚಿತ್ರ ತೆಗೆದರು. ಎರಡನೆಯದಕ್ಕೆ ತಯಾರಾಗುವಷ್ಟರಲ್ಲಿ ಸ್ಮಶಾನದ ಶಿಲುಬೆಗಳ ಮೇಲಿದ್ದ ಬಿಸಿಲು ಹೋಗಿತ್ತು.

ಅವರದೇ ಇನ್ನೊಂದು ಚಿತ್ರ ಕ್ಯಾಲಿಫೋರ್ನಿಯಾದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಗ್ಲೇಸಿಯರ್ ಪಾಯಿಂಟಿನಿಂದ ತೆಗೆದದ್ದು. ತೆಗೆದ ದಿನ ಸರಿಯಾಗಿ ದಾಖಲಾಗಿರಲಿಲ್ಲ. ಚಂದ್ರನ ಜಾಗ ಮತ್ತು ಬೆಟ್ಟಗಳ ನೆರಳು ನೋಡಿ ಖಗೋಳ ವಿಜ್ಞಾನಿ ಡೊನಾಲ್ಡ್ ಓಲ್ಸನ್ ಮತ್ತು ಸಂಗಡಿಗರು ಅದನ್ನು 1948ರ ಸೆಪ್ಟೆಂಬರ್ 15, ಸಂಜೆ 7.03 ಎಂದು ಲೆಕ್ಕ ಹಾಕಿದರು. ಚಂದ್ರನ ಹಂತಗಳು 19 ವರ್ಷಕ್ಕೊಮ್ಮೆ ಅದೇ ತಾರೀಖಿಗೆ ಮರಳುತ್ತವೆ. ಅವನು ಹುಟ್ಟುವ ಜಾಗ ಉತ್ತರ ದಕ್ಷಿಣಕ್ಕೆ ತೂಗಾಡುವ ಸುತ್ತು 18.6 ವರ್ಷದ್ದು. ಎರಡೂ ಮೂರು ಸುತ್ತು ಮುಗಿಸಿ ಹೆಚ್ಚು ಕಡಿಮೆ ಜೊತೆಯಾಗಿ ಬಂದದ್ದು 57 ವರ್ಷಕ್ಕೆ. 2005ರ ಸೆಪ್ಟೆಂಬರ್ 15ರ ಸಂಜೆ ಕ್ಯಾಮೆರಾ ಹಿಡಿದ ಜನ ಅದೇ ಜಾಗದಲ್ಲಿ ಕಾದು ನಿಂತಿದ್ದರು.